ಮೊದಲು ಕರಿ ತಂತಿ, ಆಮೇಲೆ ಕೆಂಪು

೧

ಎಲ್ಲಿಂದ ಶುರು ಮಾಡಲಿ?

ಕವಿಗಳಲ್ಲಿ ಹಳಬರಿಗೆ ಈ ಚಿಂತೆ ಇರಲಿಲ್ಲ. ಮೊದಲು ದೇವರಿಗೆ ಕೈಮುಗಿಯುತ್ತಿದ್ದರು, ಆಮೇಲೆ ಗುರುಹಿರಿಯರಿಗೆ, ಆಮೇಲೆ ಒಳ್ಳೆಯ ಕೇಳುಗರಿಗೆ. ಅದಾದ ಮೇಲೆ ಗಂಟಲು ಸರಿಮಾಡಿಕೊಂಡು ಒಂದೆರಡು ಪದ್ಯಗಳಲ್ಲಿ ಕಳ್ಳರನ್ನು ಬೈಯುತ್ತಿದ್ದರು. ಕಳ್ಳರೆಂದರೆ ಮಾತಿನ ಕಳ್ಳರು, ಇನ್ನೊಬ್ಬರ ಸಾಲನ್ನು ಸದ್ದಿಲ್ಲದೆ ತಮ್ಮ ಪದ್ಯದೊಳಕ್ಕೆ ಸಾಗಿಸುವವರು. ಗುಡಿಯ ಕಂಬಕ್ಕೊರಗಿ ಪದ್ಯವಾಚನ ಕೇಳುತ್ತ ಬೆಳೆದ ನನಗೆ ಆ ಬೈಗುಳದ ಭಾಗವೆಂದರೆ ಇಷ್ಟ. ದೇವರ ಪದ್ಯದಲ್ಲಿ ರಾಗ ತೂಗುತ್ತ ಹೋಗುತ್ತಿತ್ತು. ಕಳ್ಳರ ಪದ್ಯ ಬಂತೆಂದರೆ ಓದುವವರ ಬೆನ್ನು ನೆಟ್ಟಗಾಗುತ್ತಿತ್ತು.

ಈ ಕಥೆಯಲ್ಲೂ ಕಳ್ಳನಿದ್ದಾನೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡಬಹುದಿತ್ತು. (ಮಾಡಿದೆ. ಮೊದಲ ಡ್ರಾಫ್ಟಿನಲ್ಲಿ ಅವನನ್ನು ಒಂದಿಡೀ ಪುಟ ಬೈದೆ. ನನ್ನದೇ ಒಂದು ಪಾತ್ರ ಹೆಗಲ ಮೇಲಿಂದ ಬಗ್ಗಿ ನೋಡಿ, ‘ಅವನ ಕೈ ಆಗಲೇ ಸುಟ್ಟಿದೆ, ಇನ್ನೂ ಯಾಕೆ ಬೈತೀರಿ’ ಎಂದಿತು. ಪುಟ ಹರಿದೆ. ಆ ಪಾತ್ರ ಇನ್ನೇನು ಬರುತ್ತದೆ, ನೀವೇ ನೋಡುವಿರಂತೆ.)

ಎರಡನೆಯ ಡ್ರಾಫ್ಟಿನ ಮೊದಲ ಸಾಲು ಹೀಗಿತ್ತು: ‘ವಿಮಾ ಕಂಪನಿಯ ಸರ್ವೇಯರ್ ಗುಡ್ಡದ ಮೇಲಿನ ಒಂಟಿ ಮನೆಗೆ ಹೊರಟಾಗ ಆಕಾಶ ರಕ್ತವರ್ಣಕ್ಕೆ ತಿರುಗಿತ್ತು.’ ಅವಳು ಹೋದದ್ದು ತಿಂಡಿ ತಿಂದು, ಬಿಸಿಲು ಏರಿದ ಮೇಲೆ. ಆಕಾಶಕ್ಕೆ ಹೇಳಿಕೊಳ್ಳುವಂಥ ಬಣ್ಣವೇ ಇರಲಿಲ್ಲ. ಅದನ್ನೂ ಹರಿದೆ.

ಈಗ ಕೈಯಲ್ಲಿರುವುದು ಉಳಿದದ್ದು.

೨

ಸರ್ವೇಯರ್ ಎಂದರೆ ಸರಪಳಿ ಹಿಡಿದು ನೆಲ ಅಳೆಯುವವಳಲ್ಲ. ಇನ್ನೂ ಆಗದಿರುವ ನಷ್ಟವನ್ನು ಅಳೆಯುವವಳು. ಕಳ್ಳತನಕ್ಕೋ ಕಿಡಿಗೇಡಿಗಳ ಹಾವಳಿಗೋ ವಿಮೆ ಬೇಕೆಂದು ಯಾರಾದರೂ ಅರ್ಜಿ ಹಾಕಿದರೆ ಆ ಮನೆಗೆ ಹೋಗಿ, ಬೀಗ ಎಳೆದು, ಚಿಲಕ ಅಲುಗಿಸಿ, ಯಾವ ಕಿಟಕಿಯಲ್ಲಿ ತಾನೇ ನುಗ್ಗಬಹುದು ಎಂದು ಲೆಕ್ಕ ಹಾಕಿ ವರದಿ ಬರೆಯುತ್ತಾಳೆ. ‘ನೆಂಟರ ಮನೆಗೆ ಹೋದ್ರೂ ಇವಳು ಮೊದಲು ನೋಡೋದು ಹಿತ್ತಲ ಬಾಗಿಲನ್ನ’ ಎಂದು ಅವಳ ಗಂಡ ಎಲ್ಲರೆದುರು ಹೇಳಿ ನಗುತ್ತಾನೆ. ಅವಳೂ ನಗುತ್ತಾಳೆ, ಹಿತ್ತಲ ಬಾಗಿಲನ್ನು ನೋಡಿ ಬಂದ ಮೇಲೆ.

ಆವತ್ತು ಅವಳು ಹೋದದ್ದು ತಂತಿ ತಲುಪದ ಮನೆಗೆ. ಕೊನೆಯ ಕರೆಂಟು ಕಂಬ ಕೆಳಗಿನ ತಿರುವಿನಲ್ಲೇ ‘ನನ್ನ ಕೈಲಾದದ್ದು ಇಷ್ಟೇ’ ಎಂಬಂತೆ ನಿಂತುಬಿಟ್ಟಿದೆ. ನೀರಿನ ಪೈಪು ಅಷ್ಟು ದೂರವೂ ಬಂದಿಲ್ಲ. ಮನೆಯ ಸೂರಿನ ಮೇಲೆ ಸೋಲಾರ್ ಹಲಗೆಗಳು, ಪಕ್ಕದಲ್ಲಿ ಮಳೆನೀರಿನ ಟ್ಯಾಂಕು, ಹಿಂದುಗಡೆ ಬ್ಯಾಟರಿಗಳ ಪುಟ್ಟ ಕೋಣೆ.

ಮನೆಯಲ್ಲಿ ಇಬ್ಬರು, ಅಕ್ಕ ಮತ್ತು ತಮ್ಮ.

ಅಕ್ಕ ವಿದ್ಯುತ್ ಇಲಾಖೆಯಲ್ಲಿ ಕಂಬ ಹತ್ತಿ ನಿವೃತ್ತಳಾದವಳು. ಹೆಂಗಸಾದರೂ ಹುದ್ದೆಯ ಹೆಸರು ಲೈನ್‌ಮನ್ ಎಂದೇ ಇದ್ದುದರಿಂದ ಎಲ್ಲರ ಬಾಯಲ್ಲಿ ಲೈನ್‌ಮನ್ ಅಕ್ಕ. ಊರಿಗೆಲ್ಲ ತಂತಿ ಎಳೆದವಳ ಮನೆಗೇ ತಂತಿಯಿಲ್ಲ! ‘ದೀಪದ ಬುಡದಲ್ಲಿ ಕತ್ತಲು’ ಎಂದು ಬರೆಯಲು ನನ್ನ ಕೈ ತುರಿಸಿದ್ದು ನಿಜ. ಆದರೆ ಅಲ್ಲಿ ಕತ್ತಲಿರಲಿಲ್ಲ. ಅವಳೇ ಕೂರಿಸಿದ ಬಲ್ಬುಗಳು ಚೆನ್ನಾಗಿಯೇ ಉರಿಯುತ್ತಿದ್ದವು. ಗಾದೆಯನ್ನು ವಾಪಸು ಪಡೆದಿದ್ದೇನೆ.

ತಮ್ಮ ಬೋರ್ಡು ಬರೆಯುವ ಪೇಂಟರ್. ಅರ್ಧ ಪೇಟೆಯ ಅಂಗಡಿಗಳಿಗೆ ಹೆಸರು ಬರೆದವನು ಅವನೇ. ಮುಚ್ಚಿದ ಕೋಣೆಗಳಲ್ಲಿ ವರ್ಷಗಟ್ಟಲೆ ಬಣ್ಣ ಸ್ಪ್ರೇ ಮಾಡಿ ಅವನ ಶ್ವಾಸಕೋಶ ಸೋತಿದೆ. ಪೇಟೆಯ ಗಾಳಿ ಆಗದು ಎಂದು ಡಾಕ್ಟರು ಹೇಳಿದ್ದಕ್ಕೇ ಈ ಗುಡ್ಡ. ಮೂಗಿಗೊಂದು ನಳಿಕೆ, ನಳಿಕೆಯ ಆ ತುದಿಗೆ ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಮೆಷಿನ್. ಮೆಷಿನ್ ಓಡುವುದು ಬ್ಯಾಟರಿಗಳ ಮೇಲೆ.

ಆ ಬ್ಯಾಟರಿಗಳನ್ನು ಹೋದ ವರ್ಷ ಕಳ್ಳನೊಬ್ಬ ಹೊತ್ತುಕೊಂಡು ಹೋದ. ಹೊಸವು ಬಂದಿವೆ. ಇವೂ ಹೋದರೆ ಮತ್ತೆ ತರುವ ತ್ರಾಣ ಮನೆಗಿಲ್ಲ. ಆಗ ಪೇಂಟರಿಗೆ ಉಳಿಯುವುದು ಪೇಟೆಯ ಆಸ್ಪತ್ರೆಯ ವಾರ್ಡೊಂದೇ. ವಿಮೆ ಸಿಕ್ಕಿದರೆ ಕಳುವಾದ ಬ್ಯಾಟರಿಗೆ ಬದಲಿ ಬ್ಯಾಟರಿ ಬರುತ್ತದೆ. ಸಿಗಬೇಕೋ ಬೇಡವೋ ಎಂಬುದು ಸರ್ವೇಯರ್ ಬರೆಯುವ ವರದಿಯ ಮೇಲೆ.

ಪಣಕ್ಕಿರುವುದು ಇಷ್ಟು. ಮುಚ್ಚಿಟ್ಟು ಕೊನೆಯಲ್ಲಿ ತೆಗೆದು ತೋರಿಸುವ ಜಾಣತನ ನನಗೆ ಬಾರದು.

೪

(ಮೂರನೆಯ ಭಾಗ ಕಳುವಾಗಿದೆ. ಪೇಂಟರ್ ಆಸ್ಪತ್ರೆಯ ಪ್ಯಾಸೇಜಿನಲ್ಲಿ ಮಲಗಿದ್ದ ದಿನಗಳ ಬಗ್ಗೆ ಬರೆದಿದ್ದೆ. ಓದಿದವರ ಕಣ್ಣು ಒದ್ದೆಯಾಗುವಂತಿತ್ತು, ನನ್ನದಂತೂ ಆಗಿತ್ತು. ಬೆಳಿಗ್ಗೆ ನೋಡಿದರೆ ಇಲ್ಲ. ಯಾರ ಮೇಲೆ ಅನುಮಾನ ಎಂದು ಕೇಳಿದರೆ ನಾನು ಲೈನ್‌ಮನ್ ಅಕ್ಕನ ಕಡೆ ನೋಡುತ್ತೇನೆ. ಆಕೆ ಆಕಾಶ ನೋಡುತ್ತಾಳೆ.)

ಕಂಪನಿ ಮೊದಲೇ ಮೂರು ಷರತ್ತು ಕಳಿಸಿತ್ತು. ಬೇಲಿ ಇರಬೇಕು, ಬ್ಯಾಟರಿ ಕೋಣೆಗೆ ಬೀಗ ಇರಬೇಕು, ಕಣ್ಣಿಗೆ ಕಾಣುವ ಕಡೆಗಳಲ್ಲಿ ಎಚ್ಚರಿಕೆ ಫಲಕ ಇರಬೇಕು. ಬೇಲಿಯನ್ನು ಸರ್ವೇಯರ್ ದೂರದಿಂದಲೇ ನೋಡಿ ಮೆಚ್ಚಿದಳು. ಕಂಬಗಳು ಒಂದೇ ನೇರದಲ್ಲಿ, ತಂತಿ ವೀಣೆಗೆ ಕಟ್ಟಿದಷ್ಟು ಬಿಗಿ. ಗೇಟಿನ ಹತ್ತಿರ ಬಂದವಳು ಅಲ್ಲೇ ನಿಂತಳು.

ಗೇಟಿನ ಮೇಲೆ ನೀಲಿ ಹಲಗೆ. ಅದರ ಮೇಲೆ ಬೆಣ್ಣೆಯಲ್ಲಿ ತೀಡಿದ ಹಾಗೆ ದುಂಡನೆಯ ಬಿಳಿ ಅಕ್ಷರ.

‘ಬಲಗಡೆ ಮೊಳೆ ಇದೆ. ತೋಳು ಜೋಪಾನ.’

ಪೇಟೆಯಲ್ಲಿ ಈಗ ಬೋರ್ಡುಗಳೆಲ್ಲ ಮೆಷಿನ್ನಿನಿಂದ ಬರುತ್ತವೆ. ಕೈಬರಹದ ‘ಜೋ’ ಒಂದು ಹೀಗೆ ಕೊಂಬು ಬಾಗಿಸಿ ಕೂತಿರುವುದನ್ನು ಅವಳು ನೋಡಿ ಯಾವ ಕಾಲವಾಗಿತ್ತೋ. ಗೇಟು ದೂಡಿಕೊಂಡು ಒಳಗೆ ಬಂದಳು.

‘ಬನ್ನಿ ಮೇಡಂ. ಮೊಳೆ ತಾಗ್ಲಿಲ್ಲ ತಾನೇ?’ ಲೈನ್‌ಮನ್ ಅಕ್ಕ ಕೇಳಿದಳು.

‘ಇಲ್ಲಮ್ಮ. ಆದರೆ ಬೋರ್ಡು ಬರೆಯೋ ಬದಲು ಮೊಳೇನೇ ಕೀಳಬಹುದಿತ್ತಲ್ಲ?’

ಉತ್ತರ ಬಂದದ್ದು ಜಗಲಿಯಿಂದ. ನಳಿಕೆ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ ಪೇಂಟರ್, ‘ಬೋರ್ಡು ಬಹಳ ಚೆನ್ನಾಗಿ ಬಂತು ಮೇಡಂ. ಈಗ ಮೊಳೆ ಕಿತ್ರೆ ಅದು ಸುಳ್ಳು ಬೋರ್ಡಾಗತ್ತೆ’ ಎಂದ. ಎಂದು ಮುಗಿಸಲು ಅವನಿಗೆ ನಡುವೆ ಎರಡು ಸಲ ಉಸಿರೆಳೆಯಬೇಕಾಯಿತು.

‘ಸುಮ್ನಿರೋ’ ಎಂದಳು ಅಕ್ಕ. ‘ಹಲಗೆ ಸೀಳತ್ತೆ ಅಂತ ಕೀಳ್ಲಿಲ್ಲ ಮೇಡಂ. ಇವನಿಗೆ ಎಲ್ಲಾದ್ರಲ್ಲೂ ತಮಾಷೆ.’

ಸೂರಿಗೆ ಒರಗಿಸಿದ ಏಣಿಯ ಪಕ್ಕ ಇನ್ನೊಂದು ಫಲಕ: ‘ಸೂರು ಹಳೆಯದು. ಮೊಳೆ ಸಾಲಿನ ಮೇಲೆ ಕಾಲಿಡಿ. ಜೋಪಾನ.’

ಸರ್ವೇಯರ್ ಅದನ್ನು ಎರಡು ಸಲ ಓದಿದಳು. ಮೊಳೆ ಸಾಲಿನ ಕೆಳಗೆ ತೊಲೆಯಿರುತ್ತದೆ, ಅಲ್ಲಿ ಸೂರು ಕುಸಿಯುವುದಿಲ್ಲ. ಮೇಲಿನ ಸೋಲಾರ್ ಹಲಗೆಗಳ ಕಡೆ ನೋಡಿದಳು. ‘ಇದು ಯಾರಿಗಮ್ಮ ಬರೆದಿರೋದು? ರಿಪೇರಿಯವರಿಗಾ?’

‘ರಿಪೇರಿ ನಾನೇ ಮಾಡ್ತೀನಲ್ಲ. ಎಚ್ಚರಿಕೆ ಫಲಕ ಕಳ್ಳರಿಗೆ ತಾನೇ? ನಿಮ್ಮ ಕಂಪನಿಯೋರೇ ಹಾಕಿ ಅಂದ್ರಿ.’

ಓದುಗರೇ, ತಪ್ಪಿನ ಬೇರು ಇಲ್ಲಿದೆ, ನಿಧಾನಿಸಿ. ಎಚ್ಚರಿಕೆ ಎಂದರೆ ಕಂಪನಿಯ ಬಾಯಲ್ಲಿ ‘ಹುಷಾರ್, ಬಂದರೆ ಕಾಲು ಮುರಿದೇವು’ ಎಂದು. ಲೈನ್‌ಮನ್ ಬದುಕಿನಲ್ಲಿ ಆ ಮಾತಿಗೆ ಆ ಅರ್ಥವೇ ಇಲ್ಲ. ತಂತಿಯಲ್ಲಿ ಕರೆಂಟು ಹರಿಯುತ್ತಿದ್ದರೆ ಕೆಳಗೆ ಕಂಬಕ್ಕೆ ಒಂದು ಫಲಕ ತೂಗಿಬಿಡುತ್ತಾರೆ. ಅದನ್ನು ಯಾರು ಓದುತ್ತಾರೋ ಗೊತ್ತಿಲ್ಲ, ಅವನ ಹೆಸರು ಗೊತ್ತಿಲ್ಲ, ಒಳ್ಳೆಯವನೋ ಕೆಟ್ಟವನೋ ಗೊತ್ತಿಲ್ಲ. ಗುರುತಿಲ್ಲದ ಒಂದು ಕೈ ಸುಡಬಾರದು, ಅಷ್ಟೇ. ಇಡೀ ಆಯುಷ್ಯ ಅಂಥ ಫಲಕ ತೂಗಿದವಳಿಗೆ ‘ಎಚ್ಚರಿಕೆ ಫಲಕ ಹಾಕಿ’ ಎಂದು ಬರೆದು ಕಳಿಸಿದರೆ ಇನ್ನೇನಾಗುತ್ತದೆ?

ಬ್ಯಾಟರಿ ಕೋಣೆಗೆ ಒಳ್ಳೆಯ ಬೀಗವಿತ್ತು. ಬೀಗದ ಪಕ್ಕದಲ್ಲೇ, ಕಣ್ಣಿನ ಮಟ್ಟಕ್ಕೆ, ಎಲ್ಲಕ್ಕಿಂತ ಚೆಂದದ ಫಲಕ:

‘ಮೊದಲು ಕರಿ ತಂತಿ, ಆಮೇಲೆ ಕೆಂಪು. ಉಂಗುರ ತೆಗೆದಿಡಿ. ಜೋಪಾನ.’

‘ಅಯ್ಯೋ ದೇವರೇ’ ಎಂದಳು ಸರ್ವೇಯರ್, ತನ್ನ ವೃತ್ತಿಯನ್ನು ಮರೆತು. ‘ಬಿಚ್ಚೋದು ಹೇಗೆ ಅಂತ ನೀವೇ ಹೇಳಿಕೊಡ್ತಿದೀರಲ್ಲಮ್ಮ.’

ಅಕ್ಕ ಗೋಡೆಗೆ ತೂಗುಹಾಕಿದ್ದ ಸ್ಪ್ಯಾನರ್ ತೆಗೆದು ಅವಳ ಕೈಗಿಟ್ಟಳು. ಅದರ ಬಾಯಿಯ ಒಂದು ಅಂಚು ಇಲಿ ಕಡಿದ ಹಾಗೆ ಕರಗಿತ್ತು. ‘ಹೋದ್ಸಲ ಬಂದೋನು ಬಿಟ್ಟು ಹೋಗಿದ್ದು. ಕೆಂಪಿಗೆ ಮೊದಲು ಕೈ ಹಾಕಿ, ಸ್ಪ್ಯಾನರ್ ಅಡ್ಡ ಬಿದ್ದು ಕಿಡಿ ಹಾರಿದೆ. ಕಬ್ಬಿಣವೇ ಹೀಗಾಗಿದೆ ಅಂದ್ರೆ ಹಿಡಿದಿದ್ದ ಕೈ ಏನಾಗಿರಬೇಕು ನೋಡಿ. ಆದ್ರೂ ಬ್ಯಾಟರಿ ಬಿಡ್ಲಿಲ್ಲ. ಸುಟ್ಟ ಕೈಲೇ ಹೊತ್ತಿದಾನೆ. ಎಂಥ ಗತಿ ಬಂದಿತ್ತೋ.’

‘ಕಳ್ಳ ಅವನು.’

‘ಅಲ್ಲ ಅಂತ ನಾನೆಲ್ಲಿ ಅಂದೆ? ಸಿಕ್ಕಿದ್ರೆ ಪೊಲೀಸರಿಗೆ ಕೊಡ್ತೀನಿ. ಸ್ಪ್ಯಾನರೂ ಕೊಡ್ತೀನಿ, ಅವನದ್ದೇ ಅಲ್ವಾ.’

ಸರ್ವೇಯರ್ ಫಲಕವನ್ನು ಮತ್ತೆ ನೋಡಿದಳು. ದಿನಾ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ಅವಳ ತಾಯಿ ಒಳಗಿನಿಂದಲೇ ಹೇಳುವ ಮಾತು ಅದು. ಜೋಪಾನ. ಮನೆ ಬಿಟ್ಟು ಹೊರಟವರಿಗೆ ಹೇಳುವುದು. ಮನೆಗೆ ನುಗ್ಗುವವರಿಗೆ ಹೇಳಿದ್ದನ್ನು ಅವಳು ಎಲ್ಲೂ ಕಂಡಿರಲಿಲ್ಲ.

೫

ಕಿಡಿಗೇಡಿಗಳ ಹಾವಳಿ ಎಂಬ ಕಾಲಂ ಇದೆ, ಅದನ್ನೂ ತುಂಬಬೇಕು.

ಒಂದು ಸೋಲಾರ್ ಹಲಗೆಗೆ ಯಾರೋ ಕಲ್ಲು ಬೀಸಿ ಗಾಜು ಬಿರಿದಿತ್ತು. ಹೊರಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಬೈಗುಳ ಬರೆದಿದ್ದರು. ಬೈಗುಳ ಏನೆಂದು ನಾನು ಬರೆಯಲಾರೆ, ಪದ್ಯ ಕೇಳಿದ ಕಿವಿ ಇದು. ಸರ್ವೇಯರ್ ಫೋಟೋ ತೆಗೆಯಲು ಹತ್ತಿರ ಹೋದಾಗ ಕಂಡಿತು: ಇದ್ದಿಲಿನ ಅಕ್ಷರದ ಕೆಳಗೆ, ಬಿಟ್ಟುಹೋದ ಒಂದು ಒತ್ತನ್ನು ಬಿಳಿ ಬಣ್ಣದಲ್ಲಿ ಅಂದವಾಗಿ ಸೇರಿಸಲಾಗಿತ್ತು.

‘ಇದು?’

‘ಬೈಯೋದಾದ್ರೆ ತಪ್ಪಿಲ್ದೆ ಬೈಲಿ’ ಎಂದ ಪೇಂಟರ್. ‘ಆ ಒಂದು ಒತ್ತಿಗೆ ಎರಡು ಉಸಿರು ಹೋಯ್ತು ನಂಗೆ.’

ಇಲ್ಲಿ ಅವನ ಕೈಕೆಲಸದ ಗುಟ್ಟೊಂದನ್ನು ಹೇಳಬೇಕು. ಉಸಿರು ಬಿಗಿಹಿಡಿಯದೆ ಕುಂಚದ ಗೆರೆ ನೇರ ಬರುವುದಿಲ್ಲ. ಈಗ ಅವನ ಹತ್ತಿರ ಉಸಿರು ಸ್ವಲ್ಪವೇ ಇದೆ. ಒಂದು ಉಸಿರಿಗೆ ಒಂದು ಅಕ್ಷರ. ಒತ್ತು ಬಂದರೆ ಎರಡು ಬೇಕು. ಆದ್ದರಿಂದ ಅಕ್ಕ ವಾಕ್ಯ ಹೇಳಿದರೆ ಇವನು ಅದರೊಳಗಿಂದ ಒತ್ತುಗಳನ್ನೆಲ್ಲ ಹೆಕ್ಕಿ ಎಸೆಯುತ್ತಾನೆ. ಹಿಂದಕ್ಕೆ ಹೋಗಿ ನೋಡಿ, ಬೇಕಾದರೆ. ಮೂರು ಫಲಕಗಳಲ್ಲಿ ಒಂದೇ ಒಂದು ಒತ್ತಕ್ಷರ ಸಿಕ್ಕಿದರೆ ಹೇಳಿ. ‘ಎಚ್ಚರಿಕೆ’ ಅವನಿಗೆ ಭಾರ. ‘ಜೋಪಾನ’ ಮೂರೇ ಉಸಿರು.

ಓದುವವರು ಉಸಿರು ನಿಲ್ಲಿಸುವ ಜಾಗವನ್ನು ಬಲ್ಲ ಹಳೆಯ ಸಂಸ್ಕೃತ ಕವಿಗಳು ಆ ಜಾಗಕ್ಕೆ ಸರಿಯಾಗಿ ಮಾತನ್ನು ಮುರಿಯುತ್ತಿದ್ದರು. ಅದಕ್ಕೆ ಯತಿ ಎಂದು ಹೆಸರು. ನಾನು ಪುಟಗಟ್ಟಲೆ ಬರೆದಿದ್ದೇನೆ, ಒಂದು ಮಾತನ್ನಾದರೂ ಉಸಿರಿಗೆ ತೂಗಿ ಆರಿಸಿದ್ದೇನೆಯೇ? (ಆತ್ಮಮರುಕ ಸಾಕು. ಮುಂದಕ್ಕೆ ಹೋಗು.)

೬

ಗುಡ್ಡದಲ್ಲಿ ಸಿಗ್ನಲ್ ಸಿಗುವುದು ಗೇಟಿನ ಹತ್ತಿರ ಮಾತ್ರ. ಸರ್ವೇಯರ್ ಅಲ್ಲಿಗೆ ಹೋಗಿ ಮ್ಯಾನೇಜರಿಗೆ ಫೋಟೋ ಕಳಿಸಿ ಫೋನ್ ಮಾಡಿದಳು. ಸುಳ್ಳು ಬರೆಯುವವಳಲ್ಲ ಅವಳು. ಫಲಕ ಇದೆ ಎಂದಷ್ಟೇ ಗುರುತು ಹಾಕಿ ಜಾರಿಕೊಳ್ಳುವವಳೂ ಅಲ್ಲ.

‘ಇದು ಎಚ್ಚರಿಕೆ ಅಲ್ಲ ಕಣ್ರೀ, ಆಮಂತ್ರಣ’ ಎಂದರು ಮ್ಯಾನೇಜರ್. ‘ಉಂಗುರ ತೆಗೆದಿಡಿ ಅಂತೆ. ಇಡೋಕೆ ತಟ್ಟೇನೂ ಇಟ್ಟಿದಾರಾ?’

‘ಸರ್, ಮನೆ ಚೆನ್ನಾಗಿ ಕಾದಿದಾರೆ. ಬೇಲಿ, ಬೀಗ ಎಲ್ಲ ನಮ್ಮ ಷರತ್ತಿಗಿಂತ ಗಟ್ಟಿ.’

‘ಫಲಕ ತೆಗೆಸಿ. “ಎಚ್ಚರಿಕೆ, ಅತಿಕ್ರಮ ಪ್ರವೇಶ ಮಾಡುವವರನ್ನು ಶಿಕ್ಷಿಸಲಾಗುವುದು” ಅಂತ ಹಾಕಿದ್ರೆ ಇವತ್ತೇ ಪಾಸು.’

ಅವಳು ಜಗಲಿಗೆ ಬಂದು ಅದನ್ನು ಹಾಗೆಯೇ ಹೇಳಿದಳು. ಪೇಂಟರ್ ಬೆರಳು ಮಡಿಸುತ್ತ ಒತ್ತು ಲೆಕ್ಕ ಹಾಕಿದ. ‘ಅದನ್ನ ಬರೆದು ಮುಗಿಸೋ ಹೊತ್ತಿಗೆ ನಾನೇ ಮುಗಿದಿರ್ತೀನಿ ಮೇಡಂ. ಆಮೇಲೆ ಬ್ಯಾಟರಿ ಯಾಕೆ, ವಿಮೆ ಯಾಕೆ.’

‘ಅಂಗಡೀಲಿ ರೆಡಿಮೇಡ್ ತಗಡು ಸಿಗತ್ತೆ. ಒಂದು ತಂದು ಹೊಡೆದುಬಿಡಿ.’

‘ನಾನಿರೋ ಮನೆ ಗೇಟಿಗೆ ರೆಡಿಮೇಡ್ ಬೋರ್ಡಾ?’

‘ಇವನ ಜಂಬ ಬಿಡಿ’ ಎಂದಳು ಅಕ್ಕ. ‘ಹೆದರಿಸೋ ಬೋರ್ಡು ಬೇಡ ಅಂತಿರೋದು ನಾನು. ಹೆದರಿದೋನು ಅವಸರ ಮಾಡ್ತಾನೆ. ನನ್ನ ಜೊತೆ ಕೆಲಸ ಮಾಡ್ತಿದ್ದೋರಲ್ಲಿ ಕಂಬದ ಮೇಲೆ ಸುಟ್ಟು ಹೋದೋರೆಲ್ಲ ಅವಸರದೋರೇ. ಇವನ ಉಸಿರು ನಂಗೆ ಮುಖ್ಯ ಮೇಡಂ, ಅದಕ್ಕೇ ನಿಮ್ಮ ಬಾಗಿಲು ತಟ್ಟಿದ್ದು. ಹಾಗಂತ ನಮ್ಮನೇಲಿ ಇನ್ನೊಬ್ಬ ಹೆಣ ಆಗ್ಲಿ ಅಂತ ಬೋರ್ಡು ತೂಗೋಕಾಗಲ್ಲ. ಕೈ ಬರಲ್ಲ.’

ಸರ್ವೇಯರ್ ಮತ್ತೆ ಗೇಟಿನ ಹತ್ತಿರ ಹೋದಳು. ಅವಳ ಹೆಜ್ಜೆಯಲ್ಲಿ ಈಗ ಒಂದು ಬಗೆಯ ಹುರುಪಿತ್ತು. ಹತ್ತು ಹಲವು ಮನೆಗಳ ಬೀಗ ಎಳೆದ ಕೈಗೆ ಯಾವುದು ಗಟ್ಟಿ, ಯಾವುದು ಟೊಳ್ಳು ಎಂದು ಗೊತ್ತಾಗುತ್ತದೆ.

‘ಸರ್, ಒಂದು ಮಾತು. ಇದೇ ಪಾಲಿಸೀಲಿ ಮೂರನೆಯವರಿಗೆ ಗಾಯ ಆದ್ರೆ ನಾವೇ ಪರಿಹಾರ ಕೊಡ್ಬೇಕು, ಅಲ್ವಾ?’

‘ಹೌದು.’

‘ಮೊದಲನೆಯವರು ಮನೆಯವರು, ಎರಡನೆಯವರು ನಾವು. ಹಾಗಾದ್ರೆ ಕಳ್ಳ ಎಷ್ಟನೆಯವನು?’

ಅವಳು ಉತ್ತರಕ್ಕೆ ಕಾಯಲಿಲ್ಲ.

‘ಅವನು ಬಿದ್ದು ಕಾಲು ಮುರ್ಕೊಂಡು ಕೋರ್ಟಿಗೆ ಹೋದ್ರೆ? ಈ ಬೋರ್ಡು ನಮ್ಮನ್ನೂ ಕಾಯತ್ತೆ ಸರ್. ಇದು ಮುನ್ನೆಚ್ಚರಿಕೆನೇ. ನಾನು ಹಾಗಂತಲೇ ಬರೀತೀನಿ.’

‘ಕಳ್ಳನ್ನೂ ಲೆಕ್ಕಕ್ಕೆ ತಗೊಂಡ್ರಿ ನೀವು’ ಎಂದರು ಮ್ಯಾನೇಜರ್. ಬೈದದ್ದೋ ಮೆಚ್ಚಿದ್ದೋ ತಿಳಿಯಲಿಲ್ಲ. ‘ಮೇಲಿನೋರನ್ನ ಕೇಳ್ತೀನಿ. ಅಲ್ಲೇ ಇರಿ, ಫೋನ್ ಮಾಡ್ತೀನಿ.’

(ಕಂಪನಿಯ ಭಾಷೆಯಲ್ಲಿ ಅವನು ಮೂರನೆಯವನು. ನಮ್ಮ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ನೀನು’ ಮಧ್ಯಮ ಪುರುಷ, ಅಲ್ಲೆಲ್ಲೋ ದೂರದಲ್ಲಿರುವ ‘ಅವನು’ ಪ್ರಥಮ ಪುರುಷ. ಅಂದರೆ ಕಳ್ಳನೇ ಮೊದಲು. ಉತ್ತಮನೆಂಬ ಬಿರುದು ಹೊತ್ತ ನಾನು ಅವನನ್ನು ಬೈಯುವುದರಿಂದ ಕಥೆ ಶುರು ಮಾಡಿದ್ದೆ. ಲೈನ್‌ಮನ್ ಅಕ್ಕ ವ್ಯಾಕರಣ ಓದಿದ್ದಾಳೋ ಇಲ್ಲವೋ, ಸಾಲಿನಲ್ಲಿ ಅವನನ್ನು ನಿಲ್ಲಿಸಿದ್ದು ಮಾತ್ರ ಅವನ ಜಾಗದಲ್ಲೇ.)

೭

ಫೋನಿಗಾಗಿ ಕಾಯುವ ಹೊತ್ತಿನಲ್ಲಿ ನಾನು ಕಥೆಯೊಳಕ್ಕೆ ಬಗ್ಗಿ ಅಕ್ಕನಿಗೆ ಒಂದು ಸಲಹೆ ಕೊಟ್ಟೆ. ‘ಇನ್ನೊಂದು ಫಲಕ ಹಾಕಿಸಿ. “ಈ ಬ್ಯಾಟರಿಯಿಂದ ಒಬ್ಬರು ಉಸಿರಾಡುತ್ತಾರೆ” ಅಂತ. ಓದಿದ ಕಳ್ಳ ಹಾಗೇ ತಿರುಗಿ ಹೋಗ್ತಾನೆ. ನನಗೂ ಒಳ್ಳೆಯ ಅಂತ್ಯ ಸಿಗುತ್ತೆ.’

‘ಬೇಡ’ ಎಂದಳು.

‘ಯಾಕೆ? ಬೇಡಿದ ಹಾಗಾಗುತ್ತೆ ಅಂತಲಾ?’

‘ಅದಿರಲಿ. ಅದನ್ನ ಓದಿದ ಮೇಲೂ ಅವನು ಹೊತ್ಕೊಂಡು ಹೋದ ಅಂತಿಟ್ಕೊಳ್ಳಿ. ಈಗ ಅವನು ಬರೀ ಕಳ್ಳ. ಆಗ ಏನಾದ? ಓದದೇ ಹೋದ್ರೆ ಅವನಿಗೆ ಗೊತ್ತೇ ಇರಲ್ಲ, ರಾತ್ರಿ ನಿದ್ದೆಯಾದ್ರೂ ಬರತ್ತೆ. ಅಷ್ಟು ದೊಡ್ಡ ಭಾರನ ಗೋಡೆ ಮೇಲೆ ಬರೆದು ಅವನ ತಲೆ ಮೇಲೆ ಯಾಕೆ ಇಡ್ಬೇಕು ನಾವು?’

ನಾನು ಪೆನ್ನು ಕೆಳಗಿಟ್ಟೆ. ನನ್ನ ಮೂರನೆಯ ಭಾಗವನ್ನು ಕದ್ದದ್ದು ಯಾಕೆಂದೂ ಆಗ ತಿಳಿಯಿತು. ಕಣ್ಣೀರು ತರಿಸುವ ಪುಟವೂ ಯಾರದೋ ತಲೆಯ ಮೇಲಿಡುವ ಭಾರವೇ.

೮

ಆದರೂ ಅಂತ್ಯ ಬೇಕಲ್ಲ. ಕೆಲವು ತಂದಿದ್ದೇನೆ, ಆರಿಸಿಕೊಳ್ಳಿ.

ಅ) ವಿಮೆ ಸಿಗುತ್ತದೆ. ಆಮೇಲೆ ಯಾವ ಕಳ್ಳನೂ ಬರುವುದಿಲ್ಲ, ಏನೂ ಆಗುವುದಿಲ್ಲ. ವಿಮೆ ಮಾಡಿಸಿದವರಿಗೆ ಇದಕ್ಕಿಂತ ಒಳ್ಳೆಯ ಕಥೆಯಿಲ್ಲ. ಕಥೆ ಓದುವವರಿಗೆ ಇದಕ್ಕಿಂತ ಸಪ್ಪೆಯದಿಲ್ಲ.

ಆ) ಕಳ್ಳ ಬರುತ್ತಾನೆ. ‘ಜೋಪಾನ’ ಎಂಬ ಮಾತು ಓದಿ ಗೇಟಿಗೆ ಹಣೆ ಹಚ್ಚಿ ಅಳುತ್ತಾನೆ. ಆ ಮನೆಯ ಕಾವಲುಗಾರನಾಗಿ ಉಳಿದುಬಿಡುತ್ತಾನೆ. (ಇದನ್ನು ಓದಿ ಹೇಳಿದಾಗ ಪೇಂಟರ್ ಕೆಮ್ಮು ಬರುವಷ್ಟು ನಕ್ಕ. ‘ಅವನಿಗೆ ಅನ್ನ ನೀವು ಹಾಕ್ತೀರಾ? ನಮ್ಮ ಅಕ್ಕ ಅಳತೆ ನೋಡಿ ಅಕ್ಕಿ ಹಾಕೋಳು.’)

ಇ) ವಿಮೆ ಸಿಗುವುದಿಲ್ಲ. ಕಳ್ಳ ಬರುತ್ತಾನೆ. ಫಲಕ ಓದುತ್ತಾನೆ. ಉಂಗುರ ತೆಗೆದಿಡುತ್ತಾನೆ. ಮೊದಲು ಕರಿ ತಂತಿ, ಆಮೇಲೆ ಕೆಂಪು. ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತಾನೆ. ಬೆಳಿಗ್ಗೆ ಲೈನ್‌ಮನ್ ಅಕ್ಕ ಕೋಣೆಗೆ ಬರುತ್ತಾಳೆ. ಖಾಲಿ ನೆಲದ ಮೇಲೆ ಸುಟ್ಟ ಗುರುತಿಲ್ಲ. ‘ಸದ್ಯ’ ಎಂದು ಅವಳ ಬಾಯಿಂದ ಮೊದಲು ಬರುತ್ತದೆ. ಆಮೇಲೆ ಜಗಲಿಯ ಕಡೆ ತಿರುಗುತ್ತಾಳೆ.

ತಿರುಗಿದವಳ ಮುಖವನ್ನು ನಾನು ಬರೆಯಲಾರೆ. ಬರೆದರೆ ಅವಳು ಅದನ್ನೂ ಕದಿಯುತ್ತಾಳೆ.

೯

ಹಳಬರಿಗೆ ಮುಗಿಸುವ ಚಿಂತೆಯೂ ಇರಲಿಲ್ಲ. ಇದನ್ನು ಓದಿದವರಿಗೆ, ಓದಿಸಿದವರಿಗೆ, ಕೇಳಿದವರಿಗೆ ರೋಗಭಯವಿಲ್ಲ, ಚೋರಭಯವಿಲ್ಲ ಎಂದು ಫಲಶ್ರುತಿ ಹೇಳಿ ಮಂಗಳ ಹಾಡುತ್ತಿದ್ದರು. ಸರ್ವೇ ಇಲ್ಲ, ಷರತ್ತಿಲ್ಲ. ಕಿವಿಗೊಟ್ಟು ಕೂತವರಿಗೆಲ್ಲ ವಿಮೆ. ನಾನು ಅದನ್ನು ಇವತ್ತಿಗೂ ನಂಬಿ ಕೈಮುಗಿಯುತ್ತೇನೆ. ಆದರೆ ನನ್ನ ಕಥೆಯ ಮೇಲೆ ಆ ಮುದ್ರೆ ಒತ್ತುವ ಅಧಿಕಾರ ನನಗಿಲ್ಲ. ನನ್ನಲ್ಲಿ ಫಲವಿಲ್ಲ, ಫಲಕಗಳಿವೆ.

ಬಿಸಿಲು ಸೂರಿನ ಈ ಬದಿಗೆ ಹೊರಳಿತು. ಗೇಟಿನ ಹತ್ತಿರ ಕಾಯುತ್ತಿದ್ದ ಸರ್ವೇಯರ್ ಎಷ್ಟನೆಯ ಸಲವೋ ಆ ನೀಲಿ ಹಲಗೆಯ ‘ಜೋ’ ನೋಡುತ್ತಿದ್ದಳು. ಇನ್ನೂ ಚೆನ್ನಾಗಿ ಕಾಣಲೆಂದು ಒಂದು ಹೆಜ್ಜೆ ಬಲಕ್ಕೆ ಸರಿದಳು. ಸರ್ರನೆ ಸದ್ದಾಯಿತು. ತೋಳು ಮೊಳೆಗೆ ಸಿಕ್ಕಿ ಬಟ್ಟೆ ಹರಿದಿತ್ತು.

‘ಬೋರ್ಡು ಓದ್ಲಿಲ್ವಾ ಮೇಡಂ?’ ಜಗಲಿಯಿಂದ ಪೇಂಟರ್ ಕೂಗಿದ.

‘ಓದಿದೆ ಕಣಪ್ಪ. ಅಕ್ಷರ ನೋಡ್ತಾ ಅರ್ಥ ಬಿಟ್ಟೆ.’

ಅವನ ಮುಖ ಅರಳಿದ್ದು ಅಷ್ಟು ದೂರಕ್ಕೂ ಕಂಡಿತು. ಬೋರ್ಡು ಬರೆಯುವವನಿಗೆ ಅದಕ್ಕಿಂತ ದೊಡ್ಡ ಬಹುಮಾನವಿಲ್ಲ, ಅದಕ್ಕಿಂತ ದೊಡ್ಡ ಸೋಲೂ ಇಲ್ಲ.

ಅಕ್ಕ ಸ್ಪ್ಯಾನರನ್ನು ಅದರ ಜಾಗಕ್ಕೆ ತೂಗುಹಾಕಿ, ಸೂಜಿದಾರ ಹಿಡಿದು ಗೇಟಿನ ಕಡೆ ಹೊರಟಳು. ಅಷ್ಟರಲ್ಲಿ ಫೋನ್ ಬಂತು. ಸರ್ವೇಯರ್ ಹರಿದ ತೋಳನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಫೋನ್ ಕಿವಿಗಿಟ್ಟು, ‘ಹೇಳಿ ಸರ್’ ಎಂದಳು. ಅಕ್ಕ ಅರ್ಧ ದಾರಿಯಲ್ಲಿ ನಿಂತಳು. ಜಗಲಿಯಲ್ಲಿ ಮೆಷಿನ್ ಗುರುಗುರು ಅನ್ನುತ್ತಲೇ ಇತ್ತು.

ಮ್ಯಾನೇಜರ್ ಏನು ಹೇಳಿದರೆಂದು ನನ್ನನ್ನು ಕೇಳಬೇಡಿ. ಸಿಗ್ನಲ್ ಅವಳಿರುವಲ್ಲಿಗೆ ಬರುತ್ತದೆ, ನಾನಿರುವಲ್ಲಿಗಲ್ಲ.

ಪೇಂಟರನ್ನು ಒಂದು ಬೇಡಿಕೊಂಡೆ. ಈ ಕಥೆಯ ಕೊನೆಗೊಂದು ಫಲಕ ಬರೆದುಕೊಡು, ಇಲ್ಲಿಯವರೆಗೆ ಬಂದವರು ಮುಗ್ಗರಿಸಬಾರದು. ಅವನು ನೀಲಿ ಹಲಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡ, ಗೇಟಿನ ಕಡೆಗೊಮ್ಮೆ ನೋಡಿದ, ಕುಂಚ ಅದ್ದಿದ, ಉಸಿರು ಹಿಡಿದ. ಒಂದು ಅಕ್ಷರ. ಬಿಟ್ಟ. ಮತ್ತೆ ಹಿಡಿದ. ಬಣ್ಣ ಇನ್ನೂ ಹಸಿಯಿದೆ.

‘ಮುಂದೆ ನೆಲ ಕಾಣದು. ಜೋಪಾನ.’